ಸಾವಧಾನ

ಜೂನ್ ಹದಿನಾರು. ವಡಾಳದ ನೆಲಕ್ಕೆ ನೀರು ಇಂಗಿಸಿಕೊಳ್ಳಲು ಗೊತ್ತಿಲ್ಲ.
ಮೈದಾನದಲ್ಲಿ ನಿನ್ನೆ ನಾನೆಳೆದ ಸುಣ್ಣದ ಗೆರೆ
ಹಾಲಾಗಿ ಹರಿದು, ಗೇಟು ದಾಟಿ,
ವಡಾಪಾವ್ ಗಾಡಿಯ ಗಾಲಿಗೆ ಮೆತ್ತಿಕೊಂಡಿದೆ.
ಹಾಗಾಗಿ ಒಂದನೇ ಇಯತ್ತೆಯ ಮೊದಲ ಪಿ.ಟಿ.
ಮೂರನೇ ಮಹಡಿಯ ಪಡಸಾಲೆಯಲ್ಲಿ.

ನೆಲಕ್ಕೆ ಮರಾಠಿ, ಅದರ ಮೇಲೆ ಹಿಂದಿ, ಅದರ ಮೇಲೆ ತೆಲುಗು,
ಕನ್ನಡಕ್ಕೆ ತುತ್ತತುದಿ, ಸೋರುವ ಟೆರೇಸಿನ ಕೆಳಗೆ.
ಹೋದ ವರ್ಷ ಮೂವತ್ತೊಂದು ಮಕ್ಕಳು. ಈ ಸಲ ಹತ್ತೊಂಬತ್ತು.
ನಾಲ್ಕೂ ಅಂತಸ್ತಿಗೆ ಸೀಟಿ ಒಂದೇ, ನನ್ನದು,
ಖೊಖೊ ಆಡುತ್ತಿದ್ದ ಕಾಲದ್ದು; ಒಳಗಿನ ಗೋಲಿ ಸವೆದು
ನೆಗಡಿಯಾದ ಹಕ್ಕಿಯ ಹಾಗೆ ಕೂಗುತ್ತದೆ.

ಊದಿದೆ. ಹೇಳಿದೆ: ಸಾವಧಾನ್!

ಹತ್ತೊಂಬತ್ತು ಮಕ್ಕಳೂ ಮೆಲ್ಲಗಾದರು.
ಮೈಲಾರಿ ಎತ್ತಿದ್ದ ಕಾಲನ್ನು
ಎಣ್ಣೆ ತುಂಬಿದ ಬಟ್ಟಲಿನಂತೆ ಕೆಳಗಿಳಿಸಿದ.
ಅಂಬಾದಾಸ ಮೂಗೊರೆಸುವುದನ್ನೂ ನಿಧಾನ ಮಾಡಿದ.
ದೌಲತ್‌ಬಿ ಮುದುಕಿಯಂತೆ ಪಕ್ಕದವಳ ತೋಳು ಹಿಡಿದು ಅಂದಳು:
‘ಸಾವಧಾನ ನಿಂದ್ರವ್ವ, ನೆಲ ಹಸಿ ಅದ, ಜಾರ್ತದ.’

ಅಲ್ಲವೇ ಮತ್ತೆ.
ಅಫಜಲಪುರದಿಂದ, ಚಿತ್ತಾಪುರದಿಂದ, ಸೇಡಂದಿಂದ
ರೊಟ್ಟಿಯ ಗಂಟಿನ ಜೊತೆ ಬಂದ ಮಾತು.
ಚಹಾ ಬಿಸಿ ಇರುವಾಗ ಅವ್ವ ಅನ್ನುವುದು,
ಪರಾಂಚಿ ಹತ್ತುವ ಅಪ್ಪನಿಗೆ, ರೈಲು ಹಳಿ ದಾಟುವ ಅಕ್ಕನಿಗೆ.
ಅದನ್ನು ನಾನು ಕೋಲಿನಂತೆ ಹಿಡಿದು
ಅವರ ಬೆನ್ನಿಗೆ ಕಟ್ಟಹೊರಟಿದ್ದೇನೆ.

ಹಾಂಗಲ್ಲ, ಹಿಂಗ ನೋಡ್ರಿ:
ಹಿಮ್ಮಡಿ ಕೂಡಿಸಿ, ಮುಷ್ಟಿ ತೊಡೆಗೆ, ಎದೆ ಮುಂದೆ,
ಕಣ್ಣು ಎದುರಿಗೆ, ನೊಣ ಕೂತರೂ ಅಲ್ಲಾಡಬಾರದು.
ನಿಂತು ತೋರಿಸಿದೆ. ಪುಣೆಯ ತರಬೇತಿ ಕಾಲೇಜಿನಲ್ಲಿ
ನಲವತ್ತು ನಿಮಿಷ ಹೀಗೇ ನಿಂತು, ಆಮೇಲೆ ಬಿದ್ದವಳು ನಾನು.
ಬಿದ್ದಾಗಲೂ ಹಿಮ್ಮಡಿ ಕೂಡಿಯೇ ಇದ್ದವಂತೆ.

ಮತ್ತೆ ಸೀಟಿ. ಸಾವಧಾನ್!
ಈ ಸಲ ಕೊನೆಯ ಸಾಲಿನ ಭಾಗ್ಯವಂತಿ,
ಅಣ್ಣನ ಬೂಟಿನೊಳಗೆ ಪೇಪರು ತುರುಕಿಕೊಂಡು ಬಂದವಳು,
ಮುಷ್ಟಿ ಎತ್ತಿ, ಬಿಚ್ಚಿ,
ಮುಂದಿನವರ ತಲೆಗೆ ಏನೋ ಎರಚಿದಳು.
ಏನೇ ಅದು?
‘ಅಕ್ಕಿಕಾಳು, ಟೀಚರ್. ನಮ್ಮ ಚಿಗವ್ವನ ಮದಿವ್ಯಾಗ
ಅಯ್ನೋರು ಸಾವಧಾನ ಅಂದ ಕೂಡ್ಲೆ ಎಲ್ಲಾರೂ ಒಗದ್ರು.’

ಆಮೇಲೆ ತಡೆಯುವವರು ಯಾರು?
ಹತ್ತೊಂಬತ್ತು ಜೊತೆ ಖಾಲಿ ಕೈ,
ಒಬ್ಬರ ಮೇಲೊಬ್ಬರು ಅಕ್ಷತೆ. ಮೈಲಾರಿಯ ಬಾಯಲ್ಲೇ ಬಾಜಾ.
ಕೆಳಗಿನ ಪೋಶೆಟ್ಟಿ ಮಾಸ್ತರು ಮೆಟ್ಟಿಲಿಗೆ ಬಂದು
ಕತ್ತೆತ್ತಿ ನೋಡಿದರು. ಅವರ ಬೋಳು ತಲೆಗೂ ಬಿತ್ತು.

ಸುಸ್ತಾಗಿ ‘ವಿಶ್ರಾಮ್’ ಅಂದೆ.
ಕಾಲು ಅಗಲಿಸಬೇಕು, ಕೈ ಬೆನ್ನ ಹಿಂದೆ: ಅದು ವಿಶ್ರಾಮ್.
ಅವರು ಮಲಗಿಯೇಬಿಟ್ಟರು, ತೊಯ್ದ ಫರ್ಸಿಯ ಮೇಲೆ.
ಬೆಳಗಿನಿಂದ ಮೊದಲ ಸಲ
ಸಾಲು ನೆಟ್ಟಗಿತ್ತು.

ಟಾಚಣ ವಹಿಯಲ್ಲಿ ಬರೆಯಬೇಕು:
ಇಯತ್ತೆ ಒಂದು. ತಾಸು ಒಂದು. ಕಲಿಸಿದ ಅಂಶ.
ಪೆನ್ನಿನ ಟೊಪ್ಪಿ ಕಚ್ಚಿಕೊಂಡು ನಿಂತೆ.
ಸೂಪರ್‌ವೈಸರ್ ಬಾಯಿಗೆ ಮರಾಠಿ, ಅವರಿಗೆ ಒಂದು ಪದ ಸಾಕು.
ನನಗೂ ಅದೇ ಪದ, ಆದರೆ ಎಲ್ಲಿ ಸಾಕು.
‘ಸಾವಧಾನ: ನಡೆದಿದೆ’ ಎಂದು ಬರೆದೆ.

ಗಂಟೆ ಹೊಡೆಯಿತು. ದೊಡ್ಡ ಬೂಟು ಎಳೆಯುತ್ತ
ಭಾಗ್ಯವಂತಿ ವಾಪಸು ಬಂದಳು:
‘ನಾಳಿನೂ ಮದಿವಿ ಅದ ಏನ್ರಿ?’
ನಾಳೆ ಗಣಿತ, ಅಂದೆ. ಗುರುವಾರ ನೋಡೋಣ,
ಮಳೆ ಬಿಟ್ಟರೆ ಕೆಳಗೆ, ಮೈದಾನದಾಗ.

ಮೆಟ್ಟಿಲ ಮೇಲೆ ನೀರು ನಿಂತಿತ್ತು.
ಸೀಟಿಯನ್ನು ಬಾಯಿಂದ ತೆಗೆದು ಕೂಗಿದೆ:
ಸಾವಧಾನ ಇಳೀರೋ, ಸಾವಧಾನ.
ಯಾರೂ ಕೇಳಲಿಲ್ಲ. ಓಡಿದರು.