ಹಲ್ಲಿಗೆ ಸಿಕ್ಕ ದಾರ

ದರ್ಖಾನಿನ ಚಳಿಗೆ ಪಸೆಯೆಂಬುದೇ ಇಲ್ಲ.
ಹೊರಗೆ ಮೈನಸ್ ಮೂವತ್ತು, ಒಳಗೆ ಹೀಟರು,
ನಡುವೆ ನನ್ನ ಬೆರಳು:
ಒಡೆದ ಗೆರೆಗೊಂದೊಂದು ಕೊಕ್ಕೆ.

ರೇಷ್ಮೆ ಮುಟ್ಟಿದರೆ ಚರ್ ಎನ್ನುತ್ತದೆ.
ಕತ್ತರಿಸಿ ಬಿಟ್ಟ ದಾರ ನೆಲಕ್ಕೆ ಬೀಳದೆ
ತೋಳಿಗೆ, ತೊಡೆಗೆ, ತುಟಿಗೂ ಅಂಟಿ ಕೂರುತ್ತದೆ;
ಕೊಡವಿದರೆ ಈ ಕೈಯಿಂದ ಆ ಕೈಗೆ, ಅಷ್ಟೆ.
ಸೂಜಿಯ ಕಣ್ಣಿಗೆ ಮಾತ್ರ ಕರೆದರೂ ಬಾರದು.

ಕುರಿಬಾಲದ ಕೊಬ್ಬು ಹಚ್ಚು ಅಂದಳು
ಪಕ್ಕದ ಮನೆಯ ದುಲಮ್‌ಸುರೆನ್. ಹಚ್ಚಿದೆ.
ನೀಲಿ ರೇಷ್ಮೆಯ ಮೇಲೆ ಹೆಬ್ಬೆಟ್ಟು,
ಸಾಲಪತ್ರಕ್ಕೆ ಒತ್ತಿದ ಹಾಗೆ.
ಆ ತುಂಡನ್ನು ಕಂಕುಳಿಗೆ ಬರುವಂತೆ ಹೊಲಿದೆ,
ಯಾರಿಗೂ ಹೇಳಬೇಡಿ.
ಆಮೇಲೆ ಕಲಿತದ್ದು: ಕೊಬ್ಬು ರಾತ್ರಿಗೆ,
ಬೆಳಿಗ್ಗೆ ಸಕ್ಕರೆ ಹಾಕಿ ಉಜ್ಜಿ ಬಿಸಿನೀರು,
ಹೀಟರಿನ ಮೇಲೊಂದು ಒದ್ದೆ ಬಟ್ಟೆ.
ಆದರೂ ಹದಿನಾಲ್ಕು ನಿಲುವಂಗಿ, ಇಪ್ಪತ್ತು ದಿನ.

ಬಿಳಿತಿಂಗಳ ಹಬ್ಬದ ಬೆಳಿಗ್ಗೆ
ಗೊಂಬೊಸುರೆನ್ ಅಜ್ಜನ ಮುಂದೆ ಸಾಲು.
ಹಿರಿಯರ ಮೊಳಕೈಗೆ ಕೆಳಗಿನಿಂದ ಅಂಗೈ ಆನಿಸಿ
ಕ್ಷೇಮ ಕೇಳಬೇಕು. ಕೇಳಿದೆ.
ಅಜ್ಜ ಕೆನ್ನೆ ಮೂಸಿದರು.
ಕೈ ತೆಗೆಯಲು ಹೋದರೆ ಬರುತ್ತಿಲ್ಲ:
ನೀಲಿ ತೋಳಿನದೊಂದು ಎಳೆ
ನನ್ನ ತೋರುಬೆರಳಿನ ಬಿರುಕು ಹಿಡಿದು ನಿಂತಿದೆ.

ಜಗ್ಗಿದರೆ ನೇಯ್ಗೆ ಸುಕ್ಕಾಗುತ್ತದೆ. ಕತ್ತರಿ ಮನೆಯಲ್ಲಿ.
ಬಾಗಿ, ಹಲ್ಲಿನಲ್ಲಿ ಕಡಿದೆ.

ಹಿಂದಿದ್ದವನು, ಈ ಮನೆಗೆ ಹೊಸ ಅಳಿಯ,
ಇದೂ ಪದ್ಧತಿಯಿರಬೇಕೆಂದು
ತಾನೂ ಬಾಗಿ ತೋಳಿಗೆ ಬಾಯಿ ತಾಗಿಸಿದ.
ಅವನ ಹಿಂದಿನವಳೂ.
ಅಜ್ಜ ಏನೂ ಅನ್ನಲಿಲ್ಲ,
ತೋಳು ಚಾಚಿಕೊಂಡೇ ಕೂತಿದ್ದರು.
ನಾನು ಗೋಡೆಬದಿಯಲ್ಲಿ, ಉಪ್ಪುಚಹಾ ಹಿಡಿದು,
ನಾಲಿಗೆಗಂಟಿದ ನೀಲಿ ದಾರವನ್ನು
ಉಗುಳಲೂ ಆಗದೆ.