ಹತ್ತೊಂಬತ್ತನೆಯ ಮಹಡಿಯ ಹೊಸಬರಿಗೆ

ನಿಮಗೆ ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿದೆ:
ನಲವತ್ತಮೂರು ಮಹಡಿ, ಊರಿಗೇ ಎತ್ತರ,
ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಮನೆ.
ನನಗೆ ಗೊತ್ತಿರುವುದು ಗುಂಡಿಯ ಕಥೆ.

ಮೊದಲಿಲ್ಲಿ ಪೆಟ್ಲುಪ್ಪಿನ ಗೋದಾಮು.
ನನ್ನಜ್ಜ ಚೀಲ ಹೊತ್ತ; ಬಾಗಿದ ಬೆನ್ನು
ಶವಪೆಟ್ಟಿಗೆಯಲ್ಲೂ ನೆಟ್ಟಗಾಗಲಿಲ್ಲ.
ಆಮೇಲೆ ಸರ್ಕಸ್ಸು. ಆಮೇಲೆ ಬಸ್ಸು ನಿಲ್ಲುವ ಬಯಲು.
ಆಮೇಲೆ ತಾಮ್ರದ ಬೆಲೆ ಏರಿತು.

ತಾಮ್ರ ಏರಿದರೆ ಅಟಕಾಮದ ಈ ಅಂಚಿನಲ್ಲಿ
ಎಲ್ಲವೂ ಏರುತ್ತದೆ: ಬಾಡಿಗೆ, ರಕ್ತದೊತ್ತಡ, ಗೋಡೆ.
ಕಡಲ ನೀರು ಸೋಸಿ ಕುಡಿಯುವ ಊರು,
ಜುಟ್ಟಿಗೆ ಮಾತ್ರ ಇಷ್ಟುದ್ದದ ಮಲ್ಲಿಗೆ.

ಗುಂಡಿ ತೋಡಿದ ದಿನವೇ ನಾನು ಒಲೆ ಹೂಡಿದೆ.
ಕೂಲಿಯವರಿಗೆ ಎಂಪನಾಡ:
ಈರುಳ್ಳಿ ಜಾಸ್ತಿ, ಮಾಂಸ ಕಮ್ಮಿ, ಸಾಲದ ಪುಸ್ತಕ ದಪ್ಪ.
ಬೆಸುಗೆಯ ರೊಸಮೆಲ್ ಬಾಕಿ ತೀರಿಸಲಾರದೆ
ನನ್ನನ್ನೇ ಮದುವೆಯಾದ. ಅವನದೇ ಮಾತಿದು, ನಗಬಹುದು.

ಹತ್ತೊಂಬತ್ತನೆಯ ಮಹಡಿಗೆ ಕಾಂಕ್ರೀಟು ಸುರಿದ ದಿನ
ಹಸಿಯ ಮೇಲೆ ಮೊಳೆಯಲ್ಲಿ ಗೀಚಿದ
ನನ್ನ ಹೆಸರು, ಎದುವಿನಾ, ಒಂದಕ್ಷರ ತಪ್ಪಿಸಿ.
ಆರುವುದರೊಳಗೆ ತಿದ್ದುತ್ತೇನೆ ಬಿಡು, ಅಂದ.
ಅಷ್ಟರಲ್ಲಿ ಊಟದ ಗಂಟೆ.

ಇಪ್ಪತ್ತಾರಕ್ಕೆ ತಾಮ್ರ ಬಿತ್ತು.
ಮಾಲೀಕರು ರಾತ್ರಿಯ ವಿಮಾನ ಹತ್ತಿದರು.
ಒಂಬತ್ತು ವರ್ಷ ಕ್ರೇನು ಒಂಟಿ ನಿಂತು
ಗಾಳಿ ಹೋದತ್ತ ಮುಖ ತಿರುಗಿಸುತ್ತಿತ್ತು,
ಅದರ ತೋಳಿನ ಮೇಲೆ ಸಾಲು ಸಾಲು ಕಡಲಹಕ್ಕಿ.

ಭೂಮಿ ಅಲುಗಿದ ರಾತ್ರಿ
ಊರೆಲ್ಲ ಹೊದಿಕೆ ಸುತ್ತಿಕೊಂಡು ಬೀದಿಗೆ ಬಂದು ಅದನ್ನೇ ನೋಡಿತು.
ಬೀಳಲಿ ಎಂದು ಅರ್ಧ ಊರು, ಬೀಳದಿರಲಿ ಎಂದು ಅರ್ಧ.
ನಾನು ಎರಡೂ.
ಬೀಳಲಿಲ್ಲ.

ಮತ್ತೊಂದು ಕಂಪನಿ ಬಂತು, ಗಾಜು ಬಂತು,
ನಗರಾಧ್ಯಕ್ಷರು ಮೊಂಡು ಕತ್ತರಿಯಲ್ಲಿ
ಮೂರು ಸಲ ರಿಬ್ಬನ್ನು ಕತ್ತರಿಸಿದರು.
ರೊಸಮೆಲ್ ಆ ವೇಳೆಗೆ ಗಣಿಗೆ ಹೋಗಿ,
ಗಣಿಯಿಂದ ಆಸ್ಪತ್ರೆಗೆ ಹೋಗಿ,
ಅಲ್ಲಿಂದ ಎತ್ತಲೂ ಹೋಗದೆ ಮುಗಿದಿದ್ದ.

ಈಗ ನೆಲಮಾಳಿಗೆಯಲ್ಲಿ ಆರನೇ ಅಂಗಡಿ ನನ್ನದು.
ಒಲೆ ಬೇರೆ, ಈರುಳ್ಳಿ ಅದೇ.

ಕಾವಲಿನವನು ಹೇಳಿದ,
ಸೋಮವಾರ ನಿಮ್ಮ ಬಚ್ಚಲಿನ ಹಳೆಯ ಟೈಲ್ಸು ಕೀಳಿಸುತ್ತೀರಂತೆ.
ಕಿತ್ತಮೇಲೆ, ಹೊಸದು ಕೂರಿಸುವ ಮೊದಲು,
ಕೆಳಗೊಂದು ಫೋನು ಮಾಡಿ.
ಅಳುವುದಕ್ಕಲ್ಲ, ಹೆದರಬೇಡಿ.
ಯಾವ ಅಕ್ಷರ ತಪ್ಪಿತ್ತು ಅಂತ
ಕೊನೆಯ ವಾರದವರೆಗೂ ನಮ್ಮಿಬ್ಬರಿಗೆ ಜಗಳ.
ನೋಡಿಬಿಡಬೇಕು.