ಖಾಲಿ ಬಸ್

ಮೊದಲ ದಿನ ಢಮಾಲೆ ಮೇಡಂ
"ಖಾಲಿ ಬಸ್! ಖಾಲಿ ಬಸ್!" ಎಂದು ಕೂಗಿದಾಗ
ನಾನು ರಸ್ತೆಯ ಕಡೆ ತಿರುಗಿ ನೋಡಿದೆ.
ಭೋಸರಿಯಲ್ಲಿ, ಬೆಳಿಗ್ಗೆ ಏಳಕ್ಕೆ, ಖಾಲಿ ಬಸ್ಸೇ?
ಮೈದಾನವೆಲ್ಲ ನಕ್ಕಿತು.
ಋತುಜಾ ಖೈರೆ ಬಂದು ಹೆಗಲೊತ್ತಿ ಕೂರಿಸಿದಳು.
ಮರಾಠಿಯಲ್ಲಿ ಅದಕ್ಕೆ ಅರ್ಥ, ಕೆಳಗೆ ಕೂತ್ಕೋ.

ಕೂರುವುದು ನನಗೆ ಹೊಸದಲ್ಲ.
ಕುಕ್ಕರಗಾಲಲ್ಲೇ ಮುಸುರೆ ತಿಕ್ಕಿದ್ದೇನೆ,
ಶೆಡ್ಡಿನ ಹಿಂದೆ ಚೊಂಬು ಹಿಡಿದು
ಕತ್ತಲು ಕರಗುವ ಮುಂಚೆ ಕೂತೆದ್ದಿದ್ದೇನೆ.
ಆದರೆ ಹೀಗೆ ಯಾರೂ ಕೂರಿಸಿರಲಿಲ್ಲ:
ಪಾದ ತುಸು ಹೊರಗೆ, ಸೊಂಟ ಹಗುರ,
ಎಡ ಮೊಣಕೈ ಮಂಡಿಗೆ ತಾಕದಂತೆ,
ಬರಿಗೈ ಬಲಪಾದದ ಹಿಂದೆ ಬಚ್ಚಿಟ್ಟು.
ಬಚ್ಚಿಡಲು ಮರೆತ ಒಂದು ದಿನದ ಗುರುತು
ಉಂಗುರದ ಬೆರಳಲ್ಲಿದೆ, ಇನ್ನೂ ನೆಟ್ಟಗಿಲ್ಲ.
ಅವ್ವ ಅದನ್ನು ತಿರುತಿರುಗಿಸಿ ನೋಡುತ್ತಾಳೆ,
ನಾಳೆ ಉಂಗುರ ಹೆಂಗ ಇಳೀತದ ಅಂತ.

ಮೋಶಿಯ ಸೈಟಿನಲ್ಲಿ ಅಪ್ಪ
ಕೆಳಗಿಂದ ತೂರಿದ ಇಟ್ಟಂಗಿ ಹಿಡಿಯುತ್ತಾನೆ, ಎರಡೆರಡು.
ಅವನೇ ನನಗೆ ಮೊದಲು ಹೇಳಿಕೊಟ್ಟವನು:
"ತಡೀಬ್ಯಾಡವ್ವ, ಅದರ ಜೋಡಿ ಹಿಂದ ಬಾ."
ಹಾಗೆಯೇ ಚೆಂಡಿನ ಜೋಡಿ ಹಿಂದೆ ಬಂದೆ.
ಮೇಡಂ ಚೆಂಡು ಕಿತ್ತುಕೊಂಡು
ನನ್ನ ಮಾಸ್ಕಿನ ಮೇಲೆ ಎರಡು ಸಲ ಕುಟ್ಟಿದರು.
ಒಳಗೆ ಬಂದದ್ದನ್ನು ನೀನೇ ಹೊರಗೆ ಒಯ್ದೆಯಲ್ಲ!
ಗ್ಲೋವ್ ಮೊದಲು ಮಣ್ಣಿಗಿಳಿಯಲಿ,
ಅಲ್ಲಿಂದ ಎದ್ದು ಬರಲಿ, ಚೆಂಡಿಗಿಂತ ಮೊದಲು,
ಆಮೇಲೆ ಅಲ್ಲಾಡಬಾರದು.
ಅವರ ಮರಾಠಿ ನನ್ನೊಳಗೆ ಕನ್ನಡವಾದದ್ದು ಹೀಗೆ:
ಹಿಡಿಯಬೇಡ, ಎದುರುಗೊಳ್ಳು.
ಬೀಗರು ಅಗಸಿ ದಾಟುವ ಮುಂಚೆ
ತಂಬಿಗೆ ನೀರು ಹಿಡಿದು ನಿಂತಿರುತ್ತಾರಲ್ಲ, ಹಾಗೆ.

ಇನ್ನುಳಿದದ್ದು ಚಿಲ್ಲರೆ ವಿದ್ಯೆ.
ಉಗುರಿಗೆ ವೈಟ್ನರ್ ಬಳಿದರೆ
ತೊಡೆ ಸಂದಿನ ಬೆರಳ ಸನ್ನೆ ಋತುಜಾಗೆ ಕಾಣುತ್ತದೆ.
ಬೇಗ ಸರಿದು ಕೂತರೆ
ಬ್ಯಾಟಿನವಳು ನೆರಳು ನೋಡಿ ತಿಳಿಯುತ್ತಾಳೆ,
ಋತುಜಾಳ ಕಾಲು ಎದ್ದ ಮೇಲೆ ಸರಿ.
ತಲೆ ತಗ್ಗಿಸು, ಅಂಪೈರಿಗೆ ನಿನ್ನ ತಲೆಯೇ ಹೊಸ್ತಿಲು,
ಅದರಾಚೆ ಅವನು ನೋಡಬೇಕು.
ನೋಡುತ್ತಾನೆ, ನನ್ನ ಕುತ್ತಿಗೆಗೆ
ಅವನ ತಂಬಾಕಿನ ಉಸಿರು.

ಅಮಾಸಿ ದಿನ ಸೈಟಿಗೆ ರಜೆ.
ಅಪ್ಪ ಇಸ್ತ್ರಿಯ ಅಂಗಿ ತೊಟ್ಟು ಬಂದು
ಜಾಲರಿಯ ಹಿಂದೆ ನಿಂತ.
ಕೊನೆಯ ಇನ್ನಿಂಗ್ಸ್, ಮೂರನೇ ಬೇಸಿನಲ್ಲಿ ಅವರ ಹುಡುಗಿ,
ಮೂರು ಬಾಲ್, ಎರಡು ಸ್ಟ್ರೈಕ್.
ಋತುಜಾಳ ಕೈ ಜಾರಿತು. ಚೆಂಡು ಹೊರಮೂಲೆಗೆ, ಕೆಳಗೆ.
ಗ್ಲೋವ್ ಮಣ್ಣಿಗಿಳಿದು ಎದ್ದಿತು,
ಅಂಚಿಗೆ ಬಂದು ನಿಂತಿತು,
ನಾನು ಕಲ್ಲಿನಂತೆ ಕೂತೆ.
ಬೆನ್ನ ಹಿಂದೆ ಉಸಿರು ತಡೆದದ್ದು ಕೇಳಿಸಿತು,
ಆಮೇಲೆ ಕೂಗು. ಸ್ಟ್ರೈಕ್!
ಬ್ಯಾಟಿನವಳು ಪ್ಲೇಟನ್ನೇ ನೋಡುತ್ತ ನಿಂತಳು,
ಅದರ ಐದು ಮೂಲೆಗಳಲ್ಲಿ ಯಾವುದು
ತನಗೆ ಮೋಸ ಮಾಡಿತೆಂದು ಎಣಿಸುವವಳಂತೆ.

ವಡಾಪಾವ್ ತಿನ್ನುವಾಗ ಅಪ್ಪ ಕೇಳಿದ:
"ಹೊರಗಿತ್ತಲ್ಲ?"
ಒಂದು ನಿಂಬೆಹಣ್ಣಿನಷ್ಟು, ಅಂದೆ.
"ಗ್ವಾಡಿ ಅಷ್ಟು ಓರೆ ಆದ್ರ ಮೇಸ್ತ್ರಿ ಕೆಡವಸ್ತಾನ."
ಮತ್ತೆ ಮಾತಾಡಲಿಲ್ಲ. ಖಾರ ನೆತ್ತಿಗೇರಿ ಕೆಮ್ಮಿದ.
ಆಮೇಲೆ ನನ್ನ ಎಡಗೈ ತೆಗೆದುಕೊಂಡು
ಬಾತ ಅಂಗೈ ನೋಡಿದ,
ತನ್ನ ಅಂಗೈ ಅದರ ಪಕ್ಕಕ್ಕಿಟ್ಟ.
"ಅಲ್ಲಾಡಲಿಲ್ಲ ನೀ," ಅಂದ.
ಅದು ಹೊಗಳಿಕೆಯೋ ಅಲ್ಲವೋ
ನನಗೆ ಇವತ್ತಿಗೂ ತಿಳಿದಿಲ್ಲ.

ಎಂಟೂವರೆಗೆ ಬಸ್ ಬಂತು. ನಿಜಕ್ಕೂ ಖಾಲಿ,
ಕಂಡಕ್ಟರನೂ ಒಂದು ಸೀಟಿನಲ್ಲಿ ಮಲಗಿದ್ದ.
ಅಪ್ಪ ಕಿಟಕಿ ಪಕ್ಕ ಕೂತು ಜಾಗ ತಟ್ಟಿ ಕರೆದ.
ಮಂಡಿ ಮಡಚಲಿಲ್ಲ.
ಕಂಬಿ ಹಿಡಿದು
ಮೋಶಿಯವರೆಗೂ ನಿಂತೇ ಹೋದೆ.